ಡಬ್ಬ ಏರು ಹತ್ತಿದ್ದು

ಮನೆಯ ಮುಂದೆ ಇನ್ನೊಂದು ಮನೆ ಬಂದು ನಿಂತರೆ ಯಾರು ತಾನೇ ಸುಮ್ಮನಿರುತ್ತಾರೆ? ಅದೂ ಹೇಳದೆ ಕೇಳದೆ, ಭಾನುವಾರ ಮಧ್ಯಾಹ್ನ, ಎಲ್ಲರೂ ತಟ್ಟೆಯ ಮುಂದೆ ಕೂತ ಹೊತ್ತಿಗೆ. ಮೊದಲು ಕಿಟಕಿಯ ಬೆಳಕು ಹೋಯಿತು, ಆಮೇಲೆ ಹಾರ್ನ್ ಕೇಳಿಸಿತು. ಪೋಸ್ಟ್ ಮಾಸ್ಟರು ಎಂಜಲುಗೈಯಲ್ಲೇ ಬಾಗಿಲಿಗೆ ಬಂದು ನೋಡಿದರೆ, ಗೇಟಿಗೆ ಅಡ್ಡವಾಗಿ ಬಸ್ಸಿನಂಥ ಬಿಳಿಯ ಗಾಡಿಯೊಂದು ನಿಂತಿದೆ. ಅದಕ್ಕೆ ಪರದೆ ಕಟ್ಟಿದ ಕಿಟಕಿಗಳಿವೆ, ಪಕ್ಕದಲ್ಲಿ ನೀರಿನ ನಲ್ಲಿಯಿದೆ, ಹಿಂದೊಂದು ಬಾಗಿಲಿದೆ. ಸ್ಟೀರಿಂಗ್ ಮುಂದೆ ಅವರ ಹೆಂಡತಿ ಇದ್ದಾಳೆ.

ಈ ಹೆಂಡತಿಯ ನಿಜವಾದ ಹೆಸರು ಬಡಾವಣೆಯಲ್ಲಿ ಯಾರಿಗೂ ನೆನಪಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಕರೆದುಕೊಂಡು ಬಂದವಳು. ಮಕ್ಕಳ ಬಾಯಲ್ಲಿ ವ್ಯಾನಮ್ಮ ಆದವಳು ಊರಿಗೆಲ್ಲ ವ್ಯಾನಮ್ಮನೇ ಆಗಿಬಿಟ್ಟಳು. ಈ ವರ್ಷ ಶಾಲೆಯವರು ತಮ್ಮದೇ ಬಸ್ಸುಗಳನ್ನು ತಂದರು; ವ್ಯಾನಮ್ಮನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ, ಮನೆಗೆ ಕಳಿಸಿದರು. ಆಮೇಲೂ ಅವಳಿಗೆ ಬೆಳಗಿನ ಐದಕ್ಕೇ ಎಚ್ಚರ. ಎದ್ದು ಹೋಗುವುದಾದರೂ ಎಲ್ಲಿಗೆ? ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಕೊನೆಗೆ ವ್ಯಾನ್ ಮಾರಿ, ತನ್ನ ಉಳಿತಾಯವನ್ನೂ ಸೇರಿಸಿ, ಊರೂರು ತಿರುಗಿ ಸುಸ್ತಾಗಿದ್ದ ಮುದುಕ ದಂಪತಿಗಳಿಂದ ಈ ಗಾಡಿಯನ್ನು ಕೊಂಡುಬಿಟ್ಟಳು. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ.

"ಏನಿದು?" ಅಂದರು ಪೋಸ್ಟ್ ಮಾಸ್ಟರು. ನಿವೃತ್ತರಾಗಿ ವರ್ಷಗಳೇ ಆಗಿದ್ದರೂ ಕೌಂಟರಿನ ಹಿಂದೆ ಕೂತವರ ಗತ್ತು ಅವರ ದನಿಯಿಂದ ಹೋಗಿರಲಿಲ್ಲ.

"ಮನೆಗಾಡಿ. ಒಳಗೆ ಅಡುಗೆಮನೆ ಇದೆ, ಮಂಚ ಇದೆ, ಬಚ್ಚಲಿದೆ. ಕೈ ತೊಳ್ಕೊಂಡು ಬಂದು ನೋಡಿ."

ಅವರು ಕೈ ತೊಳೆದರು, ನೋಡಲು ಮಾತ್ರ ಬರಲಿಲ್ಲ. ಇರುವ ಮನೆಗಿಂತ ಇದರ ಅಡುಗೆಮನೆಯೇ ಚೆನ್ನಾಗಿದೆಯಲ್ಲ, ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಅಂತ ಗೊಣಗಿಕೊಂಡು ತಟ್ಟೆಯ ಮುಂದೆ ಕೂತರು. ಅದನ್ನು ಬಾಡಿಗೆಗೆ ಓಡಿಸುತ್ತೇನೆ, ಸಂಸಾರಸ್ಥರನ್ನು ಹತ್ತಿಸಿಕೊಂಡು ಊರು ತೋರಿಸುತ್ತೇನೆ ಅಂತ ವ್ಯಾನಮ್ಮ ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಮಗ ಹಾಕಿಕೊಂಡ. ಅವನು ವಿಮೆ ಕಂಪನಿಯ ಸರ್ವೇಯರ್. ಅಪಘಾತವಾದ ಗಾಡಿಗಳನ್ನು ನೋಡಿ ನಷ್ಟದ ಅಂದಾಜು ಹೇಳುವುದು ಅವನ ಕೆಲಸ. ದಿನವಿಡೀ ಜಜ್ಜಿದ ಗಾಡಿಗಳನ್ನೇ ನೋಡಿ ನೋಡಿ, ನೆಟ್ಟಗೆ ಓಡುವ ಗಾಡಿ ಅಂದರೆ ಇನ್ನೂ ಜಜ್ಜದ ಗಾಡಿ ಅಂತಲೇ ಅವನ ಲೆಕ್ಕ. ಈ ವಯಸ್ಸಿನಲ್ಲಿ ಇಷ್ಟು ದೊಡ್ಡ ಗಾಡಿಯಾ, ಬ್ರೇಕ್ ಹಿಡಿಯದಿದ್ದರೆ ಏನು ಗತಿ, ಹಿಂದಿನ ಕನ್ನಡಿಯಲ್ಲಿ ಏನು ಕಾಣುತ್ತದೆ ಅಂತ ಅವನು ಒಂದೇ ಉಸಿರಿಗೆ ಶುರುಮಾಡಿದ. ಔಷಧಿ ಅಂಗಡಿಯಲ್ಲಿ ಪಾಳಿ ಮುಗಿಸಿ ಬಂದ ಸೊಸೆ ಮಾತ್ರ ಚಪ್ಪಲಿ ಬಿಚ್ಚಿ ಗಾಡಿಯೊಳಗೆ ಹೋಗಿ, ಎಲ್ಲ ಡ್ರಾಯರ್ ಎಳೆದು ನೋಡಿ, ನಮ್ಮ ರೂಮಿಗಿಂತ ಗಾಳಿ ಬೆಳಕು ಚೆನ್ನಾಗಿದೆ ಅಂತ ಹೇಳಿ ಗಂಡನ ಕೆಂಗಣ್ಣಿಗೆ ಗುರಿಯಾದಳು.

ವಾರ ಕಳೆಯುವುದರೊಳಗೆ ಮಗ ಒಬ್ಬ ಗಿರಾಕಿಯನ್ನು ಹುಡುಕಿಕೊಂಡು ಬಂದ. ಹೆದ್ದಾರಿಯ ಪಕ್ಕದಲ್ಲಿ ಹೋಟೆಲ್ ಇಟ್ಟವನು. ಕೊಟ್ಟ ದುಡ್ಡು ಪೂರ್ತಿ ವಾಪಸು ಕೊಡುತ್ತಾನಂತೆ. ಗಾಲಿ ಬಿಚ್ಚಿ, ಇಟ್ಟಿಗೆಯ ಮೇಲೆ ಕೂರಿಸಿ, ಕಿಟಕಿ ದೊಡ್ಡದು ಮಾಡಿ ಚಹಾದ ಅಂಗಡಿ ಮಾಡುತ್ತಾನಂತೆ. ಊಟದ ಹೊತ್ತಿಗೆ ಮಗ ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದರೆ ವ್ಯಾನಮ್ಮ ಪಲ್ಯ ಬಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಗಾಲಿ ಬಿಚ್ತಾನಾ?"

"ಅಂಗಡಿಗೆ ಗಾಲಿ ಯಾಕಮ್ಮ?"

"ನನ್ನನ್ನೂ ಹಾಗೇ ತಾನೇ ಕೂರಿಸಿದ್ದು ನೀವೆಲ್ಲ. ಗಾಲಿ ಬಿಚ್ಚಿ, ಇಟ್ಟಿಗೆ ಮೇಲೆ."

ವ್ಯಾನಮ್ಮನಿಗೆ ಅಳು ಬಂದಿತ್ತು, ಆದರೆ ಗಂಡ ಮಗನ ಎದುರಿಗೆ ಅಳುವುದು ಅವಳ ಜಾಯಮಾನವಲ್ಲ. ಪಲ್ಯದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದಳು.

ಆಗ ಮೂಲೆಯ ಮಂಚದಿಂದ ಊರುಗೋಲಿನ ಸದ್ದು ಕೇಳಿಸಿತು. ವ್ಯಾನಮ್ಮನ ಅತ್ತೆಯದು ಅದು. ಎಂಬತ್ತು ದಾಟಿದ ಮುದುಕಿ, ಬೆನ್ನು ಹೋಗಿದೆ, ನಾಲಿಗೆ ಹೋಗಿಲ್ಲ. ಅರ್ಧ ಗಂಟೆಗಿಂತ ಹೆಚ್ಚು ಕೂರಲಾರಳು. ಬಸ್ಸಾಗಲಿ ಕಾರಾಗಲಿ ಆಗದು. ಅವಳ ಮಗಳು, ಅಂದರೆ ವ್ಯಾನಮ್ಮನ ನಾದಿನಿ, ದೂರದ ಬಂದರು ಪಟ್ಟಣದಲ್ಲಿ ಗುಡ್ಡದ ತುದಿಗೆ ಮನೆ ಕಟ್ಟಿಸಿಕೊಂಡು ಎಷ್ಟೋ ವರ್ಷವಾಯಿತು. ಮುದುಕಿ ಅದನ್ನು ಫೋಟೋದಲ್ಲಿ ಮಾತ್ರ ಕಂಡಿದ್ದಳು.

"ಆ ಡಬ್ಬದಲ್ಲಿ ಮಲಗಿಕೊಂಡು ಹೋಗಬಹುದಂತಲ್ಲ," ಅಂದಳು ಅತ್ತೆ. "ನನ್ನನ್ನ ಮಗಳ ಮನೆಗೆ ಕರ್ಕೊಂಡು ಹೋಗ್ಲಿ. ಆಮೇಲೆ ಮಾರ್ತೀರೋ ಸುಡ್ತೀರೋ ನೋಡೋಣ."

ಒಳಗಿದ್ದ ವ್ಯಾನಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಯಾಕೆಂದರೆ, ಅವಳು ಮೊದಲು ವ್ಯಾನ್ ತಂದ ವರ್ಷ, ಹೆಂಗಸು ಸ್ಟೀರಿಂಗ್ ಹಿಡಿದರೆ ಮನೆಯ ಮರ್ಯಾದೆ ಬೀದಿಪಾಲಾಗುತ್ತದೆ ಅಂತ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟವಳು ಇದೇ ಅತ್ತೆ. ಅವತ್ತು ಮೂವತ್ತು ಮಕ್ಕಳು ಬೀದಿಯಲ್ಲಿ ಕಾದಿದ್ದರು. ಆ ಸಂಗತಿಯನ್ನು ಅತ್ತೆ ಸೊಸೆ ಇಬ್ಬರೂ ಮರೆತಿರಲಿಲ್ಲ, ಆಡಿರಲೂ ಇಲ್ಲ.

ತಾಯಿಯ ಮಾತನ್ನು ಮೀರುವುದು ಪೋಸ್ಟ್ ಮಾಸ್ಟರಿಗೆ ಬರುವುದಿಲ್ಲ. ಮಗ ಮಾತ್ರ ಷರತ್ತು ಹಾಕಿದ. ಹೋಗಿ ತಲುಪುವವರೆಗೆ ಸ್ಟೀರಿಂಗನ್ನು ಇನ್ನೊಬ್ಬರ ಕೈಗೆ ಕೊಡಬಾರದು, ಕ್ರೇನ್ ಕರೆಸಬಾರದು, ಗಾಡಿಗೆ ಒಂದು ಗೀರೂ ಬೀಳಬಾರದು. ಇದರಲ್ಲಿ ಒಂದು ತಪ್ಪಿದರೂ ಗಾಡಿ ಹೋಟೆಲಿನವನಿಗೆ. ಫೋನಿನಲ್ಲಿ ವಿಷಯ ಕೇಳಿದ ನಾದಿನಿ ಬಿದ್ದು ಬಿದ್ದು ನಕ್ಕಳು. ಅತ್ತಿಗೆ, ನಮ್ಮ ಗುಡ್ಡಕ್ಕೆ ಕತ್ತೆಯೇ ಹತ್ತಲ್ಲ, ನಿಮ್ಮ ಡಬ್ಬವನ್ನ ಕೆಳಗೇ ಬಿಟ್ಟುಬಿಡಿ ಅಂದಳು. ವ್ಯಾನಮ್ಮ ಎಲ್ಲದಕ್ಕೂ ಆಗಲಿ ಅಂತ ಹೇಳಿ ಫೋನಿಟ್ಟಳು.

ಮುಂದಿನ ವಾರಗಳಲ್ಲಿ ಆ ಮನೆಯ ದಿನಚರಿ ತಲೆಕೆಳಗಾಯಿತು. ಬೆಳಗಾದರೆ ವ್ಯಾನಮ್ಮ ಊರಾಚೆಯ ಕಲ್ಲುಕ್ವಾರಿಯ ಏರಿಗೆ ಗಾಡಿ ತೆಗೆದುಕೊಂಡು ಹೋಗುತ್ತಿದ್ದಳು. ಹತ್ತಿಸುವುದು, ಅರ್ಧದಲ್ಲಿ ನಿಲ್ಲಿಸುವುದು, ಮತ್ತೆ ಹತ್ತಿಸುವುದು. ಖಾಲಿ ಗಾಡಿ ಏರನ್ನು ಆರಾಮಾಗಿ ಹತ್ತುತ್ತಿತ್ತು. ಇತ್ತ ಒಲೆಯ ಮುಂದೆ ಪೋಸ್ಟ್ ಮಾಸ್ಟರು ನಿಲ್ಲಬೇಕಾಯಿತು. ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಅತ್ತೆ ತಟ್ಟೆ ನೋಡಿ, ನಿನ್ನ ಅಪ್ಪನಿಗಿಂತ ನೀನೇ ವಾಸಿ, ಅವರಿಗೆ ನೀರು ಕಾಯಿಸೋಕೂ ಬರ್ತಿರಲಿಲ್ಲ ಅಂತ ಮಗನನ್ನು ಹೊಗಳಿದ್ದೋ ತೆಗಳಿದ್ದೋ ತಿಳಿಯದ ಹಾಗೆ ನುಂಗುತ್ತಿದ್ದಳು.

ಅಡುಗೆ ಬೇಕಾದರೆ ಮಾಡಿಯೇನು, ಬೀದಿಯಲ್ಲಿ ನಿಂತು ಕೂಗಲಾರೆ ಅನ್ನುವುದು ಪೋಸ್ಟ್ ಮಾಸ್ಟರ ಹಟ. ಗಾಡಿ ಹಿಂದಕ್ಕೆ ತೆಗೆಯುವಾಗ ಹಿಂದೆ ಒಬ್ಬರು ನಿಂತು ದಾರಿ ಹೇಳಬೇಕಲ್ಲ. ಬಸ್ಸಿನ ಕ್ಲೀನರುಗಳು ಬಾಡಿ ತಟ್ಟಿ ಬರ್ಲಿ ಬರ್ಲಿ, ಹೋಲ್ಡಾನ್, ರೈಟ್ ಅಂತ ಕೂಗುವುದಿಲ್ಲವೇ, ಅಷ್ಟೇ.

"ನಾನು ಪೋಸ್ಟ್ ಮಾಸ್ಟರ್ ಆಗಿದ್ದವನು. ನಿನ್ನ ಕ್ಲೀನರ್ ಆಗಬೇಕಾ?"

"ನನ್ನ ವ್ಯಾನಿಗೆ ಒಂದು ದಿನಾನೂ ಹತ್ತಲಿಲ್ಲ ನೀವು. ಸೈಕಲ್ಲಿನಲ್ಲೇ ಆಫೀಸಿಗೆ ಹೋದ್ರಿ, ಮಳೇಲೂ. ಈಗ ಒಂದು ಸಲ ನನ್ನ ಹಿಂದೆ ನಿಂತ್ರೆ ಏನು ಗಂಟು ಹೋಗುತ್ತೆ?"

ಅವರು ನಿಂತರು. ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಎದುರುಮನೆಯವರು ನೋಡುತ್ತಾರೇನೋ ಅಂತ ಅತ್ತಿತ್ತ ನೋಡುತ್ತ, ತಮ್ಮ ಅಂಗಿಯ ಗುಂಡಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ 'ಬಾ' ಅಂದರು. ವ್ಯಾನಮ್ಮ ಕಸದ ತೊಟ್ಟಿಗೆ ಗುದ್ದುವುದರಲ್ಲಿದ್ದಳು, ಕನ್ನಡಿಯಲ್ಲಿ ಕಂಡು ಬ್ರೇಕ್ ಒತ್ತಿದಳು. ಅಂದು ಮಧ್ಯಾಹ್ನ ಗಂಡ ಹೆಂಡತಿ ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡು ಊಟ ಮಾಡಿದರು.

ಹೊರಡುವ ಹಿಂದಿನ ಸಂಜೆ ಸಾಮಾನು ತುಂಬುವ ಸಂಭ್ರಮ. ಇಲ್ಲಿ ಒಂದು ಮಾತು ಹೇಳಬೇಕು. ಆ ಬಡಾವಣೆಯಲ್ಲಿ ನಲ್ಲಿ ದಿನಾ ಬರುವುದಿಲ್ಲ. ಬಂದ ದಿನ ಮನೆಯಲ್ಲಿರುವ ಪಾತ್ರೆ ಪಗಡಗಳೆಲ್ಲ ತುಂಬಿ ತುಳುಕಬೇಕು. ಈ ವಿಷಯದಲ್ಲಿ ಅತ್ತೆಯದು ಕಟ್ಟುನಿಟ್ಟಿನ ಆಡಳಿತ. ಮದುವೆಯಾಗಿ ಬಂದ ವ್ಯಾನಮ್ಮನಿಗೆ ಅವಳು ಮೊದಲು ಕಲಿಸಿದ್ದೇ ಅದು: ಮನೆ ಬಿಡುವ ಮುಂಚೆ ನೀರು ತುಂಬಿಸು. ಮಿಕ್ಕ ಯಾವ ವಿಷಯದಲ್ಲೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಆ ಮನೆಯಲ್ಲಿ, ನೀರು ತುಂಬಿಸುವುದರಲ್ಲಿ ಮಾತ್ರ ಎಲ್ಲರೂ ಒಂದೇ.

ಹಾಗಾಗಿ ಅಂದು ಸಂಜೆ ಗಾಡಿಯ ಹೊಟ್ಟೆಯ ಟ್ಯಾಂಕು ತುಂಬಿತು. ಹಿತ್ತಿಲಲ್ಲಿದ್ದ ನೀಲಿ ಡ್ರಮ್ಮುಗಳನ್ನು ತಂದು ಹಿಂಬದಿಯಲ್ಲಿ ಸಾಲಾಗಿ ಕಟ್ಟಿ ಅವನ್ನೂ ತುಂಬಿಸಿದ್ದಾಯಿತು. ಕೊಡಗಳು, ಬಕೆಟ್ಟುಗಳು, ಕ್ಯಾನುಗಳು ತುಂಬಿದವು. ದೊಡ್ಡ ಕುಕ್ಕರ್ ಖಾಲಿ ಇದೆಯಲ್ಲ ಅಂತ ಅತ್ತೆ ಮಂಚದಿಂದಲೇ ನೆನಪಿಸಿದಳು, ಅದೂ ತುಂಬಿತು. ಟೈರಿನ ಗಾಳಿ, ಬ್ರೇಕಿನ ಎಣ್ಣೆ, ಬೆಂಕಿ ಆರಿಸುವ ಸಿಲಿಂಡರು ಎಲ್ಲವನ್ನೂ ಎರಡೆರಡು ಸಲ ನೋಡಿದ ಸರ್ವೇಯರ್ ಮಗ ತಾನೇ ಬಕೆಟ್ ಹೊತ್ತು ಡ್ರಮ್ಮು ತುಂಬಿಸಿದ. ನೀರಿಗೂ ತೂಕ ಇರುತ್ತದೆ ಅನ್ನುವುದು ಆ ಮನೆಯ ಒಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಅಲ್ಲಿ ನೀರು ಅಂದರೆ ಧೈರ್ಯ.

ಸೊಸೆಗೆ ರಜೆ ಸಿಗಲಿಲ್ಲ. ಅಜ್ಜಿಯ ಮಾತ್ರೆಗಳ ಡಬ್ಬಿಯನ್ನು ವ್ಯಾನಮ್ಮನ ಕೈಗಿಟ್ಟು, ಗಂಡನಿಗೆ ಕೇಳಿಸುವ ಹಾಗೆಯೇ, ಇವರು ಕಿರುಚಿದರೆ ರೇಡಿಯೋ ಜೋರಾಗಿ ಹಾಕಿಬಿಡಿ ಅತ್ತೆ ಅಂತ ಹೇಳಿ ಕಳಿಸಿಕೊಟ್ಟಳು. ಬೆಳಗಿನ ಜಾವ ಗಾಡಿ ಹೊರಟಿತು. ಮುಂದೆ ವ್ಯಾನಮ್ಮ, ಪಕ್ಕದಲ್ಲಿ ಮಗ, ಹಿಂದೆ ಮಂಚದ ಮೇಲೆ ಅತ್ತೆ, ಅವಳ ಕಾಲ ಬಳಿ ಪೋಸ್ಟ್ ಮಾಸ್ಟರು. ಮಗ ತನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ ಅನ್ನುವ ಹಾಗೆ ದಾರಿಯುದ್ದಕ್ಕೂ ನೆಲ ಒತ್ತಿದ. ಮಧ್ಯಾಹ್ನದ ಹೊತ್ತಿಗೆ ಅವನ ಮೀನಖಂಡ ಹಿಡಿದುಕೊಂಡಿತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ಬಂದರು ಪಟ್ಟಣ ಬಂತು. ಒಂದು ತಿರುವು ದಾಟಿದ್ದೇ ತಡ, ಎಡಗಡೆಗೆ ಸಮುದ್ರ, ಬಲಗಡೆಗೆ ಗುಡ್ಡ, ಗುಡ್ಡದ ಮೈತುಂಬ ಮನೆ. ಒಂದರ ಮಾಡಿನ ಮೇಲೆ ಇನ್ನೊಂದರ ಅಂಗಳ. ನಡುನಡುವೆ ಮೆಟ್ಟಿಲುಗಳು, ಒಣಹಾಕಿದ ಬಟ್ಟೆಗಳು. ಕೆಳಗೆ ಹಡಗುಕಟ್ಟೆಯಲ್ಲಿ ಕ್ರೇನುಗಳು ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಇಡುತ್ತಿದ್ದವು. ಮೀನಿನ ಲಾರಿಗಳು, ಹಾರ್ನುಗಳು, ಕೈಗಾಡಿಗಳು, ರಸ್ತೆಯ ನಡುವೆಯೇ ನಿಂತು ಮಾತಾಡುವ ಜನ. ವ್ಯಾನಮ್ಮ ಇಪ್ಪತ್ತು ವರ್ಷ ಮಕ್ಕಳ ಗಲಾಟೆಯ ನಡುವೆ ಗಾಡಿ ಓಡಿಸಿದವಳು. ಈ ಗಲಾಟೆ ಅವಳಿಗೆ ತವರಿಗೆ ಬಂದ ಹಾಗಿತ್ತು. ಮೀನು ಮಾರುಕಟ್ಟೆಯ ಸಂದಿಯಲ್ಲಿ ಎರಡು ಲಾರಿಗಳ ನಡುವಿನಿಂದ ಅವಳು ಗಾಡಿಯನ್ನು ದಾರ ಪೋಣಿಸಿದಂತೆ ದಾಟಿಸಿದಾಗ ಮಗ ಕಣ್ಣು ಮುಚ್ಚಿದ್ದ.

ಕಡಲ ದಂಡೆಯಲ್ಲಿ ಗಾಡಿ ನಿಲ್ಲಿಸಿ ಊಟ ಮಾಡಿದರು. ಪೋಸ್ಟ್ ಮಾಸ್ಟರು ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಚಹಾ. ವ್ಯಾನಮ್ಮ ಹಿಂದಿನ ಬಾಗಿಲು ತೆರೆದು ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು ಸಮುದ್ರದ ಕಡೆ ತಿರುಗಿಸಿ ಕೂರಿಸಿದಳು. ಅತ್ತೆ ಬಹಳ ಹೊತ್ತು ನೋಡಿದಳು. ಇಷ್ಟೊಂದು ನೀರು, ಒಂದು ಲೋಟ ಕುಡಿಯೋಕೆ ಬರಲ್ಲವಲ್ಲ ಅಂತ ಬೇಜಾರು ಮಾಡಿಕೊಂಡಳು. ಆದರೂ ಸಂತೋಷವಾಗಿದ್ದಳು, ಅವಳು ಎರಡನೇ ಸಲ ಬ್ರೆಡ್ಡು ಕೇಳಿ ಎಷ್ಟು ಕಾಲವಾಗಿತ್ತು ಅಂತ ವ್ಯಾನಮ್ಮನಿಗೆ ನೆನಪಾಗಲಿಲ್ಲ.

"ಸಾಕಮ್ಮ," ಅಂದ ಮಗ ಮೇಲಿನ ಗುಡ್ಡವನ್ನು ನೋಡುತ್ತ. "ಇಲ್ಲೀವರೆಗೆ ಬಂದಿದ್ದೇ ದೊಡ್ಡದು. ಸೋದರತ್ತೇನೇ ಕೆಳಗೆ ಬರಲಿ."

"ನಿನ್ನ ಅಜ್ಜಿ ನೋಡಬೇಕು ಅಂದಿದ್ದು ಮಗಳ ಮನೇನ, ರಸ್ತೇನಲ್ಲ. ಹತ್ತು."

ಮೊದಲ ತಿರುವು ಸಲೀಸಾಗಿ ಆಯಿತು. ಎರಡನೆಯದರಲ್ಲಿ ಇಂಜಿನ್ ಗೊಣಗತೊಡಗಿತು. ಕ್ವಾರಿಯ ಏರಿನಲ್ಲಿ ಇದು ಹೀಗೆ ಗೊಣಗಿರಲಿಲ್ಲವಲ್ಲ ಅಂದುಕೊಂಡಳು ವ್ಯಾನಮ್ಮ. ಮೂರನೆಯ ತಿರುವು ದಾಟಿದರೆ ಎದುರಿಗೆ ರಸ್ತೆ ಗೋಡೆಯ ಹಾಗೆ ನಿಂತಿತ್ತು. ಒಂದು ಕಡೆ ಮನೆಗಳ ಮೆಟ್ಟಿಲು, ಇನ್ನೊಂದು ಕಡೆ ದೀಪದ ಕಂಬಗಳ ಸಾಲು. ಫಸ್ಟ್ ಗೇರಿನಲ್ಲಿ ಅರ್ಧ ಏರು ಹತ್ತಿದ ಗಾಡಿ ಒಂದು ಸಲ ನಡುಗಿ ಆಫ್ ಆಯಿತು. ವ್ಯಾನಮ್ಮ ಬ್ರೇಕ್ ಒತ್ತಿ ಹ್ಯಾಂಡ್ ಬ್ರೇಕ್ ಎಳೆಯುವುದರೊಳಗೆ ಅದು ಒಂದು ಗೇಣು ಹಿಂದಕ್ಕೆ ಸರಿಯಿತು. ಆ ಒಂದು ಗೇಣಿಗೇ ಮಗ ಬಾಗಿಲು ನೂಕಿ ಹೊರಗೆ ಹಾರಿದ. ಬಾಗಿಲು ಟಣ್ ಅಂತ ಯಾವುದಕ್ಕೋ ಬಡಿಯಿತು. ಆ ಗಾಬರಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಮತ್ತೆ ಸ್ಟಾರ್ಟ್ ಮಾಡಿದಳು. ಕ್ಲಚ್ ಸುಟ್ಟ ವಾಸನೆ ಬಂತೇ ಹೊರತು ಗಾಡಿ ಕದಲಲಿಲ್ಲ. ಮಗ ಗಾಲಿಗಳ ಹಿಂದೆ ಕಲ್ಲು ಇಟ್ಟು, ಬೆವರು ಒರೆಸಿಕೊಂಡು, ಫೋನ್ ಕೈಗೆತ್ತಿಕೊಂಡ.

"ಕ್ರೇನ್ ಕರೆಸ್ತೀನಿ. ತಪ್ಪಿಲ್ಲಮ್ಮ, ಇದು ಯಾರ ಕೈಲೂ ಆಗಲ್ಲ."

ಕ್ರೇನ್ ಬಂದರೆ ಎಲ್ಲ ಮುಗಿಯಿತು. ವ್ಯಾನಮ್ಮನ ಕಣ್ಣಿಗೆ ಇಟ್ಟಿಗೆಯ ಮೇಲೆ ಕೂತ ಗಾಡಿ ಕಂಡಿತು. ಅದರ ಕಿಟಕಿಯಲ್ಲಿ ಚಹಾದ ಲೋಟಗಳು ಕಂಡವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾಳೆ ಎಲ್ಲರೂ ಆಡಿಕೊಳ್ಳುತ್ತಾರೆ. ನೆಲ ನಿಜವಾಗಿಯೂ ಡೊಂಕೇ ಇದೆಯಲ್ಲ ಅಂತ ಯಾರಿಗೆ ಹೇಳುವುದು? ಅವಳು ಇಂಜಿನ್ ಆಫ್ ಮಾಡಿ, ಹಣೆಯನ್ನು ಸ್ಟೀರಿಂಗಿಗೆ ಒತ್ತಿ ಕೂತಳು.

ಆ ನಿಶ್ಶಬ್ದದಲ್ಲಿ ಹಿಂದಿನಿಂದ ಗುಳುಗುಳು ಅಂತ ಸದ್ದು ಕೇಳಿಸಿತು. ಡ್ರಮ್ಮುಗಳ ನೀರು ಇನ್ನೂ ಅಲ್ಲಾಡುತ್ತಿತ್ತು. ವ್ಯಾನಮ್ಮ ತಲೆಯೆತ್ತಿದಳು. ಕ್ವಾರಿಗೆ ಹೋಗುವಾಗ ಗಾಡಿ ಖಾಲಿ ಇತ್ತು. ಈಗ ಹಿಂದೆ ಬಾವಿಯನ್ನೇ ಹೊತ್ತುಕೊಂಡು ಬಂದಿದ್ದೇವೆ. ಅವಳು ಎದ್ದು ಹಿಂದಕ್ಕೆ ಬಂದಳು.

"ನೀರು ಚೆಲ್ಲಬೇಕು. ಎಲ್ಲಾನೂ."

ಅತ್ತೆಯ ಮುಖ ಕಪ್ಪಿಟ್ಟಿತು. ಇಡೀ ಬಾಳುವೆಯಲ್ಲಿ ಒಂದು ಚೊಂಬು ನೀರನ್ನೂ ಬೀದಿಗೆ ಚೆಲ್ಲಿದವಳಲ್ಲ. ಅಕ್ಕಿ ತೊಳೆದದ್ದು ಗಿಡಕ್ಕೆ, ಬಟ್ಟೆ ತೊಳೆದದ್ದು ಅಂಗಳಕ್ಕೆ. ಬೇಡ ಅಂತ ಹೇಳಲೂ ಆಗದೆ, ಆಯಿತು ಅಂತ ಹೇಳಲೂ ಆಗದೆ ಕಿಟಕಿಯ ಹೊರಗೆ ನೋಡಿದಳು. ನೋಡಿದವಳು ಹಾಗೇ ನೋಡುತ್ತಲೇ ಇದ್ದಳು.

"ಏನೇ," ಅಂದಳು ವ್ಯಾನಮ್ಮನಿಗೆ, "ಆ ಮೆಟ್ಟಿಲ ಮೇಲೆ ನೋಡು. ಅವೇನು ಸಾಲಾಗಿ ಇಟ್ಟಿರೋದು?"

ಕೊಡಗಳು. ಬಕೆಟ್ಟುಗಳು. ಒಂದರ ಹಿಂದೆ ಒಂದು, ಮೆಟ್ಟಿಲುದ್ದಕ್ಕೂ, ಎಲ್ಲ ಖಾಲಿ. ಅವುಗಳ ಪಕ್ಕ ಗಲ್ಲಕ್ಕೆ ಕೈ ಕೊಟ್ಟು ಕೂತ ಹೆಂಗಸರು, ಅರ್ಧ ಏರಿನಲ್ಲಿ ಸಿಕ್ಕಿಬಿದ್ದ ಬಿಳಿಯ ಡಬ್ಬವನ್ನೇ ನೋಡುತ್ತಿದ್ದರು. ವ್ಯಾನಮ್ಮ ಇಳಿದು ವಿಚಾರಿಸಿದಳು. ಗುಡ್ಡಕ್ಕೆ ನೀರು ಏರಿಸುವ ಪಂಪು ಕೆಟ್ಟಿದೆಯಂತೆ, ಟ್ಯಾಂಕರ್ ಬರುತ್ತೆ ಬರುತ್ತೆ ಅಂತ ಬೆಳಗಿನಿಂದ ಕೂತಿದ್ದಾರಂತೆ.

"ಚೆಲ್ಲೋದು ಬೇಡ," ಅಂದಳು ಅತ್ತೆ ಒಳಗಿನಿಂದ. "ಕರಿ ಅವರನ್ನ."

ಆಮೇಲೆ ನಡೆದದ್ದನ್ನು ಆ ಬೀದಿಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಮೆಟ್ಟಿಲುಗಳಿಂದ ಕೊಡಗಳು ಇಳಿದು ಬಂದವು. ನೂಕುನುಗ್ಗಲು ಶುರುವಾಯಿತು. ಆಗ ಪೋಸ್ಟ್ ಮಾಸ್ಟರ ಒಳಗೆ ಮಲಗಿದ್ದ ಕೌಂಟರು ಎದ್ದಿತು. ಹಿಂದಿನ ಬಾಗಿಲಲ್ಲಿ ನಿಂತು, ಡ್ರಮ್ಮಿಗೆ ಪೈಪು ಇಳಿಬಿಟ್ಟು, ಒಬ್ಬೊಬ್ಬರಾಗಿ ಬನ್ನಿ, ಸಾಲು ಮುರಿದವರಿಗೆ ಕೊಡೋದಿಲ್ಲ, ವಯಸ್ಸಾದವರು ಮುಂದೆ ಬನ್ನಿ ಅಂತ ಗದರಿಸತೊಡಗಿದರು. ಜನ ತೆಪ್ಪಗೆ ಸಾಲಿಗೆ ನಿಂತರು. ಗಾಡಿಯ ಪಕ್ಕದ ನಲ್ಲಿಯಲ್ಲಿ ಮಗ ತೋಳು ಮಡಚಿಕೊಂಡು ಬಕೆಟ್ ತುಂಬಿಸಿದ. ಅತ್ತೆ ದಿಂಬಿಗೆ ಒರಗಿಕೊಂಡೇ, ಆ ಕೆಂಪು ಬಕೆಟ್ಟಿಗೆ ಪೂರ್ತಿ ಹಾಕು, ಅವಳ ಕಂಕುಳಲ್ಲಿ ಮಗು ಇದೆ ಅಂತ ಆಜ್ಞೆ ಕೊಡುತ್ತಿದ್ದಳು.

ದಪ್ಪನೆಯ ಹೆಂಗಸೊಬ್ಬಳು ಸೆರಗಿನ ಗಂಟಿಗೆ ಕೈ ಹಾಕಿ ಎಷ್ಟು ಕೊಡಬೇಕು ಅಂತ ಕೇಳಿದಳು.

"ನೀರಿಗೆ ದುಡ್ಡಾ?" ಅಂದಳು ಅತ್ತೆ. "ದಾರಿ ಬಿಡಿಸಿ ಕೊಡಿ, ಸಾಕು. ನನ್ನ ಸೊಸೆ ಈ ಗಾಡೀನ ಮೇಲಕ್ಕೆ ಹತ್ತಿಸಬೇಕು."

ನನ್ನ ಸೊಸೆ. ಆ ಮಾತನ್ನು ಅತ್ತೆ ಇಷ್ಟು ದೊಡ್ಡ ದನಿಯಲ್ಲಿ ಬೀದಿಯಲ್ಲಿ ಹೇಳಿದ್ದನ್ನು ವ್ಯಾನಮ್ಮ ಹಿಂದೆಂದೂ ಕೇಳಿರಲಿಲ್ಲ. ಸೆರಗು ಸರಿಮಾಡುವ ನೆವದಲ್ಲಿ ಮುಖ ತಿರುಗಿಸಿಕೊಂಡಳು.

ಡ್ರಮ್ಮುಗಳು ಬರಿದಾದವು, ಟ್ಯಾಂಕು ಬರಿದಾಯಿತು. ತುಂಬಿದ ಕೊಡಗಳನ್ನು ಮೆಟ್ಟಿಲ ಮೇಲಿಟ್ಟು ಹೆಂಗಸರು ರಸ್ತೆಗೆ ಇಳಿದರು. ನಿಂತಿದ್ದ ಸ್ಕೂಟರುಗಳನ್ನು ಎತ್ತಿ ಅಂಗಳಕ್ಕೆ ಸೇರಿಸಿದರು, ಚಪ್ಪಲಿ ಹೊಲಿಯುವವನನ್ನು ಪೆಟ್ಟಿಗೆ ಸಮೇತ ಪಕ್ಕಕ್ಕೆ ಸರಿಸಿದರು. ಒಬ್ಬೊಬ್ಬಳು ಒಂದೊಂದು ತಿರುವಿನಲ್ಲಿ ನಿಂತು ಮೇಲಿಂದ ಗಾಡಿ ಬಾರದ ಹಾಗೆ ತಡೆದಳು. ವ್ಯಾನಮ್ಮ ಸೀಟಿಗೆ ಬಂದು ಕೂತಳು. ಕನ್ನಡಿಯಲ್ಲಿ ನೋಡಿದರೆ ಗಂಡ ಗಾಡಿಯ ಬದಿಗೆ ರಸ್ತೆಯ ಮೇಲೆ ನಿಂತಿದ್ದಾರೆ. ಅಂಗಿಯ ತೋಳು ಒದ್ದೆ, ಕೈ ಬೆನ್ನ ಹಿಂದಿಲ್ಲ. ಅವರು ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಅಂಗೈಯಿಂದ ಗಾಡಿಯ ಬಾಡಿಗೆ ಎರಡು ಸಲ ಬಡಿದರು.

"ರೈಟ್!"

ಗುಡ್ಡಕ್ಕೆ ಗುಡ್ಡವೇ ಕೇಳಿಸಿಕೊಂಡಿತು. ವ್ಯಾನಮ್ಮ ಕ್ಲಚ್ ಬಿಟ್ಟಳು. ಗಾಡಿ ಒಂದು ಸಲ ಬಿಗಿಹಿಡಿದು, ಆಮೇಲೆ ಹತ್ತಿತು. "ಬರ್ಲಿ ಬರ್ಲಿ ಬರ್ಲಿ," ಪೋಸ್ಟ್ ಮಾಸ್ಟರು ಪಕ್ಕದಲ್ಲೇ ಏದುಸಿರು ಬಿಡುತ್ತ ಓಡಿದರು. "ಎಡಕ್ಕೆ, ಎಡಕ್ಕೆ, ಸಾಕು, ರೈಟ್ ರೈಟ್!" ಹೆಂಗಸರು ಚಪ್ಪಾಳೆ ತಟ್ಟಿದರು, ಕಿಟಕಿಗಳು ತೆರೆದುಕೊಂಡವು. ಶಾಲೆಯವರು ತಟ್ಟಿದ ಚಪ್ಪಾಳೆ ಅವಳನ್ನು ಮನೆಗೆ ಕಳಿಸಿತ್ತು. ಈ ಚಪ್ಪಾಳೆ ಮೇಲಕ್ಕೆ ಕರೆಯುತ್ತಿತ್ತು. ಕೊನೆಯ ತಿರುವನ್ನು ಗೋಡೆಯಿಂದ ಒಂದು ಗೇಣು ದೂರದಲ್ಲಿ ದಾಟಿ, ಗುಡ್ಡದ ನೆತ್ತಿಯ ಸಮತಟ್ಟಿನಲ್ಲಿ ವ್ಯಾನಮ್ಮ ಗಾಡಿಯನ್ನು ತಂದು ನಿಲ್ಲಿಸಿದಳು.

ಅಣ್ಣನ ದನಿ ಕೇಳಿ ನಾದಿನಿ ಹೊರಗೆ ಓಡಿಬಂದಳು. ಅಣ್ಣ ಬೀದಿಯಲ್ಲಿ ಕೂಗುತ್ತಿದ್ದಾನೆ ಅನ್ನುವುದನ್ನು ನಂಬುವುದೋ, ಗೇಟಿನ ಮುಂದೆ ಡಬ್ಬ ನಿಂತಿದೆ ಅನ್ನುವುದನ್ನು ನಂಬುವುದೋ ತಿಳಿಯದೆ ತಾಯಿಯನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಮೊದಲು ಕೇಳಿದ್ದು ಏನು ಗೊತ್ತೇ?

"ಅತ್ತಿಗೆ, ಗಾಡೀಲಿ ಸ್ವಲ್ಪ ನೀರಿದೆಯಾ? ನಮ್ಮನೇಲಿ ಒಂದು ತೊಟ್ಟೂ ಇಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ತನ್ನ ಹೊದಿಕೆಯನ್ನು ಸರಿಸಿದಳು. ಅದರಡಿಯಲ್ಲಿ, ಮಗುವನ್ನು ಮಲಗಿಸಿಕೊಂಡ ಹಾಗೆ, ದೊಡ್ಡ ಕುಕ್ಕರ್ ಇತ್ತು, ಕಂಠಮಟ್ಟ ತುಂಬಿಕೊಂಡು. ಎಲ್ಲಾನೂ ಚೆಲ್ಲು ಅಂದ್ರೆ ಎಲ್ಲಾನೂ ಕೊಡ್ತಾರೇನೇ ಅಂದಳು ಮುದುಕಿ. ಆ ನೀರಿನಲ್ಲಿ ಚಹಾ ಆಯಿತು.

ಅತ್ತೆಯನ್ನು ಮಗಳ ಮನೆಯ ಒಂದೊಂದು ಕೋಣೆಗೂ ಮೆಲ್ಲಗೆ ನಡೆಸಿ ತೋರಿಸಿ, ವರಾಂಡದಲ್ಲಿ ಮಲಗಿಸಿದರು. ಕೆಳಗೆ ಇಡೀ ಪಟ್ಟಣ, ಅದರಾಚೆ ಸಮುದ್ರ. ಮಗ ಚಹಾದ ಲೋಟ ಹಿಡಿದುಕೊಂಡೇ ಗಾಡಿಯನ್ನು ಸುತ್ತುಹಾಕಿದ. ಕೆಲಸದ ಚಾಳಿ ಎಲ್ಲಿ ಬಿಡುತ್ತದೆ? ಬಗ್ಗಿ ನೋಡಿದ, ಬೆರಳಾಡಿಸಿದ, ಎಡಬದಿಯ ಬಾಗಿಲ ಬಳಿ ನಿಂತುಬಿಟ್ಟ. ಬಾಗಿಲ ಅಂಚಿನಲ್ಲಿ ಗೇಣುದ್ದ ಗೀರು. ಬಣ್ಣ ಹೋಗಿ ತಗಡು ಕಾಣುತ್ತಿತ್ತು.

ವ್ಯಾನಮ್ಮ ಓಡಿಬಂದು ನೋಡಿದಳು. ಎಲ್ಲಿ ತಾಗಿತು? ಮಾರುಕಟ್ಟೆಯಲ್ಲೇ? ತಿರುವಿನಲ್ಲೇ? ಅವಳು ಒಂದೊಂದನ್ನೂ ನೆನಪಿಸಿಕೊಂಡಳು, ಎಲ್ಲಿಯೂ ತಾಗಿರಲಿಲ್ಲ. ಮಗ ಮಾತ್ರ ಬಾಗಿಲನ್ನು ಮೆಲ್ಲಗೆ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದ. ಅವನ ಕಿವಿ ಕೆಂಪಾಗತೊಡಗಿತು.

"ಏನಂತೋ ಅದು?" ಅಂದಳು ಅತ್ತೆ ವರಾಂಡದಿಂದ.

"ಗೀರು, ಅಜ್ಜಿ."

"ಯಾರು ಮಾಡಿದ್ದು?"

ಸರ್ವೇಯರ್ ಮಗ ಎಷ್ಟೋ ಜನರ ಸುಳ್ಳನ್ನು ಹಿಡಿದವನು. ತಾನೇ ಒಂದು ಸುಳ್ಳು ಹೇಳಲು ಅವನಿಗೆ ಬರಲಿಲ್ಲ. "ನಾನೇ. ಗಾಡಿ ಹಿಂದಕ್ಕೆ ಸರಿದಾಗ ಹಾರಿದ್ನಲ್ಲ, ಬಾಗಿಲು ಕಂಬಕ್ಕೆ ಬಡೀತು."

ಅತ್ತೆ ಲೋಟ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದಳು.

"ಷರತ್ತು ಷರತ್ತೇ. ಆ ಹೋಟೆಲಿನವನಿಗೆ ಫೋನ್ ಮಾಡು. ಗಾಡಿ ಇಲ್ಲ, ಗ್ಯಾರೇಜಿಗೆ ಹೋಗುತ್ತೆ ಬಣ್ಣಕ್ಕೆ. ಬದಲಿಗೆ ಒಬ್ಬ ಸರ್ವೇಯರ್ ಇದ್ದಾನೆ, ಒಯ್ದು ಇಟ್ಟಿಗೆ ಮೇಲೆ ಕೂರಿಸಿಕೋ ಅನ್ನು."

ನಾದಿನಿ ನಕ್ಕಳು, ಪೋಸ್ಟ್ ಮಾಸ್ಟರು ಚಹಾ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಮಗನಿಗೂ ನಗು ತಡೆಯಲಾಗಲಿಲ್ಲ. ಎಲ್ಲರೆದುರಿಗೇ ಹೋಟೆಲಿನವನಿಗೆ ಫೋನ್ ಹಚ್ಚಿ, ಕ್ಷಮಿಸಿ, ಗಾಡಿ ಮಾರೋದಿಲ್ಲ, ಅಮ್ಮ ಓಡಿಸ್ತಾರೆ ಅಂದ. ಫೋನಿಟ್ಟ ಮೇಲೆ ಮೆಲ್ಲಗೆ, ಬಣ್ಣದ ಖರ್ಚು ನನ್ನದೇ ಕಣಮ್ಮ ಅಂದ. ವ್ಯಾನಮ್ಮ ಅವನ ತಲೆಗೊಂದು ಮೊಟಕಿ, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಒಳಗೆ, ಯಾರೂ ಇಲ್ಲದ ಅಡುಗೆಮನೆಯಲ್ಲಿ, ಎರಡು ಕೈಯನ್ನೂ ಸೊಂಟಕ್ಕಿಟ್ಟುಕೊಂಡು ಒಬ್ಬಳೇ ನಕ್ಕಳು.

ನಾಲ್ಕಾರು ದಿನ ಇದ್ದು ಹೊರಟರು. ಅಷ್ಟರಲ್ಲಿ ಪಂಪು ಸರಿಯಾಗಿತ್ತು. ದಪ್ಪನೆಯ ಹೆಂಗಸು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ಮುಂದಿನ ತಿಂಗಳು ನಮ್ಮನ್ನೆಲ್ಲ ಎಲ್ಲಿಗಾದರೂ ಕರ್ಕೊಂಡು ಹೋಗ್ತೀರಾ ಅಂತ ಕೇಳಿ ವ್ಯಾನಮ್ಮನ ಮೊದಲ ಬಾಡಿಗೆ ನಿಕ್ಕಿ ಮಾಡಿದಳು. ಹೊರಡುವಾಗ ಕೊಡಗಳನ್ನು ತುಂಬಿಸಲೇ ಅಂತ ನಾದಿನಿ ಕೇಳಿದ್ದಕ್ಕೆ, ಕುಕ್ಕರ್ ಒಂದು ಸಾಕು ಅಂದಳು ಅತ್ತೆ.

ವ್ಯಾನಮ್ಮ ಸೀಟಿನಲ್ಲಿ ಕೂತು, ಕನ್ನಡಿ ಸರಿಮಾಡಿಕೊಂಡು, ಗಂಡನ ದನಿಗಾಗಿ ಕಾದಳು. ಪೋಸ್ಟ್ ಮಾಸ್ಟರು ಇನ್ನೂ ತಂಗಿಗೆ ಹೇಳಿ ಹೊರಡುವುದರಲ್ಲೇ ಇದ್ದರು. ಅಷ್ಟರಲ್ಲಿ ಹಿಂದಿನ ಮಂಚದಿಂದ, ಗಾಡಿಯ ಗೋಡೆಗೆ ಊರುಗೋಲಿನಿಂದ ಎರಡು ಏಟು ಬಿತ್ತು. ಯಾವ ಕೈ ಒಂದು ಕಾಲದಲ್ಲಿ ಕೀಲಿಯನ್ನು ಅಕ್ಕಿಯಲ್ಲಿ ಹೂತಿಟ್ಟಿತ್ತೋ, ಅದೇ ಕೈ.

"ರೈಟ್," ಅಂದಳು ಅತ್ತೆ. "ನಡಿಯೇ, ವ್ಯಾನಮ್ಮ."